ಹೊಸ ವರ್ಷಕ್ಕೆ ಒಂದು ಸಾಲು ಉಳುಮೆ ಸಾಕು

ಅಕ್ಕನಿಗೊಂದು ಪತ್ರ: ಯುಗಾದಿ ವಿಶೇಷ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಜನವರಿ ಒಂದಕ್ಕೆ ಅಂದುಕೊಂಡದ್ದು ಅರ್ಧಕ್ಕೇ ನಿಂತಿದೆ. ಈಗ ಮಾರ್ಚ್ 19ಕ್ಕೆ ಯುಗಾದಿ. ಮತ್ತೆ ಶುರು ಮಾಡಬೇಕಾ, ಮಾಡಿದರೆ ಹೇಗೆ ಅಂತ ಕೇಳಿದ್ದೀರಿ. ಎಲ್ಲ ಪತ್ರಕ್ಕೂ ಇಲ್ಲಿ ಜಾಗವಿಲ್ಲ, ಏಳನ್ನು ಆರಿಸಿಕೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ವೈದ್ಯೆಯಲ್ಲ, ಮನಶ್ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವಳೂ ಅಲ್ಲ. ಹಾಸನ ಜಿಲ್ಲೆಯ ಅಂಚೆ ಕಚೇರಿಗಳಲ್ಲಿ 36 ವರ್ಷ ಕೆಲಸ ಮಾಡಿದೆ. ಅದರಲ್ಲಿ ಬಹುಪಾಲು ಉಳಿತಾಯ ಖಾತೆಯ ಕೌಂಟರಿನಲ್ಲಿ. ಜನ ತಮಗೆ ತಾವೇ ಮಾತು ಕೊಟ್ಟುಕೊಂಡು ಅದನ್ನು ತಿಂಗಳು ತಿಂಗಳು ಉಳಿಸಿಕೊಳ್ಳಲು ಪಡುವ ಪಾಡನ್ನು ಹತ್ತಿರದಿಂದ ನೋಡಿದ್ದೇನೆ. ನಿವೃತ್ತಿಯಾದ ಮೇಲೆ ಇದರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

* * *

ಅಕ್ಕಾ, ನನಗೆ 29 ವರ್ಷ, ಸಾಫ್ಟ್‌ವೇರ್ ಕೆಲಸ. ಡಿಸೆಂಬರ್ 31ರ ರಾತ್ರಿ ಡೈರಿಯಲ್ಲಿ 11 ಸಂಕಲ್ಪ ಬರೆದೆ. ಆರೋಗ್ಯ ನೋಡಿಕೊಳ್ಳಬೇಕು, ದುಡ್ಡು ಉಳಿಸಬೇಕು, ಮೊಬೈಲ್ ಕಮ್ಮಿ ಮಾಡಬೇಕು, ಅಪ್ಪ ಅಮ್ಮನ ಜೊತೆ ಜಾಸ್ತಿ ಹೊತ್ತು ಕಳೆಯಬೇಕು, ಹೀಗೆ. ಸಂಕ್ರಾಂತಿಗೆ ಎಳ್ಳು ಬೀರುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಈಗ ಆ ಡೈರಿ ತೆರೆಯೋಕೇ ನಾಚಿಕೆ. ನನ್ನ ಮನಸ್ಸು ಅಷ್ಟೊಂದು ದುರ್ಬಲವಾ?
(ತಿಪಟೂರಿನ ಹುಡುಗಿ, ಈಗ ಬೆಂಗಳೂರು)

ಮಗಳೇ, ನೀನು ಕಳಿಸಿದ 11ನ್ನೂ ಎರಡೆರಡು ಸಲ ಓದಿದೆ. ಒಂದರಲ್ಲೂ ದಿನವಿಲ್ಲ, ಹೊತ್ತಿಲ್ಲ, ಜಾಗವಿಲ್ಲ. "ಆರೋಗ್ಯ ನೋಡಿಕೊಳ್ಳಬೇಕು" ಅಂತ ಬರೆದಿದ್ದೀಯ. ನಾಳೆ ಬೆಳಗ್ಗೆ ಆರಕ್ಕೆ ಎದ್ದು ಕೂತಾಗ ಮೊದಲು ಕೈ ಹಾಕಬೇಕಾದ್ದು ಯಾವುದಕ್ಕೆ? ಆ ಸಾಲು ಹೇಳುವುದಿಲ್ಲ. ನೀನು ದುರ್ಬಲಳು ಅಂತ ನನಗೆ ಅನ್ನಿಸಲಿಲ್ಲ. ನೀನು ಬರೆದದ್ದು ಆಸೆಗಳ ಪಟ್ಟಿ. ಅವು ಸಂಕಲ್ಪ ಆಗುವ ಮೊದಲೇ ಜನವರಿ ಬಂದುಬಿಟ್ಟಿತು.

ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಹೇಳಿಸುತ್ತಾರಲ್ವಾ? ಕೈಯಲ್ಲಿ ಅಕ್ಷತೆ ಹಿಡಿದು ನಾವು ಸುಮ್ನೆ ಕೂತಿರುತ್ತೇವೆ. ಮುಂದಿನ ಸಲ ಕಿವಿಗೊಟ್ಟು ಕೇಳು. ಕಲ್ಪ, ಯುಗಗಳ ಹೆಸರಾದ ಮೇಲೆ ಜಾಗ ಬರುತ್ತದೆ: ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ, ಆಮೇಲೆ ಗೋದಾವರಿಯ ದಕ್ಷಿಣ ದಡ. ಬಳಿಕ ಹೊತ್ತು. ಯಾವ ಸಂವತ್ಸರ, ಯಾವ ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ. ಅದಾದ ಮೇಲೆ ಕೂತಿರುವವರ ಗೋತ್ರ, ಹೆಸರು. ಇಷ್ಟೆಲ್ಲ ಆದಮೇಲೆ ಕೊನೆಯಲ್ಲಿ ಒಂದೇ ಒಂದು ಕೆಲಸದ ಹೆಸರು ಹೇಳಿ "ಕರಿಷ್ಯೇ" ಅನ್ನುತ್ತಾರೆ. ಮಾಡುತ್ತೇನೆ ಅಂತ ಅರ್ಥ. ಯಾರು, ಎಲ್ಲಿ, ಯಾವ ದಿನ ಅನ್ನುವುದು ಗಟ್ಟಿಯಾಗುವ ತನಕ ಏನು ಮಾಡುತ್ತೇನೆ ಅನ್ನುವ ಮಾತೇ ಬರುವುದಿಲ್ಲ. ನೀನು ಪೂಜೆ ಮಾಡಲಿ ಬಿಡಲಿ, ಈ ಕ್ರಮದಲ್ಲಿ ಬುದ್ಧಿವಂತಿಕೆ ಇದೆ.

ಪೀಟರ್ ಗಾಲ್‌ವಿಟ್ಜರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರಿದ್ದಾರೆ. ಜರ್ಮನಿಯಲ್ಲಿ ವಿದ್ಯಾರ್ಥಿಗಳ ಜೊತೆ ಅವರು ಮಾಡಿದ ಒಂದು ಪ್ರಯೋಗದ ವಿವರ 1997ರಲ್ಲಿ ಪ್ರಕಟವಾಯಿತು. ಕ್ರಿಸ್ಮಸ್ ಹಿಂದಿನ ದಿನವನ್ನು ಹೇಗೆ ಕಳೆದಿರಿ ಅಂತ ಎರಡು ದಿನದ ಒಳಗೆ ಬರೆದು ಕಳಿಸಬೇಕು, ಅಷ್ಟೇ ಕೆಲಸ. ಅರ್ಧ ಜನರಿಗೆ ಒಂದು ಹೆಚ್ಚಿನ ಮಾತು ಹೇಳಿದ್ದರು: ಎಲ್ಲಿ ಕೂತು, ಯಾವ ಹೊತ್ತಿಗೆ ಬರೆಯುತ್ತೀರಿ ಅನ್ನುವುದನ್ನು ಈಗಲೇ ತೀರ್ಮಾನ ಮಾಡಿಕೊಳ್ಳಿ ಅಂತ. ಹಾಗೆ ಮಾಡಿಕೊಂಡವರಲ್ಲಿ ಹತ್ತಕ್ಕೆ ಏಳು ಜನ ಬರೆದು ಕಳಿಸಿದರು. ಉಳಿದವರಲ್ಲಿ ಹತ್ತಕ್ಕೆ ಮೂರು. ಎರಡೂ ಗುಂಪಿನ ಮನಸ್ಸಿನ ಗಟ್ಟಿತನದಲ್ಲಿ ಅಷ್ಟು ಅಂತರ ಇರಲು ಸಾಧ್ಯವೇ ಇಲ್ಲ, ಅಲ್ವಾ?

ಇನ್ನು 11 ಅನ್ನುವ ಲೆಕ್ಕದ ಬಗ್ಗೆ. ನಮ್ಮದು ಅರಕಲಗೂಡು ಕಡೆಯ ಹಳ್ಳಿ. ಯುಗಾದಿಯ ದಿನ ನಮ್ಮಲ್ಲಿ ಹೊನ್ನಾರು ಕಟ್ಟುತ್ತಿದ್ದರು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ ಹೊಲಕ್ಕೆ ಹೊಡೆದುಕೊಂಡು ಹೋಗುವುದು. ಆ ವರ್ಷದ ಮೊದಲ ಉಳುಮೆ ಅದು. ನನ್ನಪ್ಪ ಅವತ್ತು ಎಷ್ಟು ಉಳುತ್ತಿದ್ದರು ಗೊತ್ತಾ? ಎರಡು ಸಾಲು, ಜಾಸ್ತಿ ಅಂದರೆ ಮೂರು. ಇಡೀ ಹೊಲ ಮುಂದೆ ಬಿದ್ದಿರುತ್ತಿತ್ತು. ಎರಡು ಸಾಲು ಹೊಡೆದು, ನೇಗಿಲು ಬಿಚ್ಚಿ, ಮನೆಗೆ ಬಂದು ಒಬ್ಬಟ್ಟು ಊಟ ಮಾಡುತ್ತಿದ್ದರು. "ಇಷ್ಟೇನಾ ಅಪ್ಪಾ?" ಅಂತ ಒಮ್ಮೆ ಕೇಳಿದ್ದೆ. "ನೆಲಕ್ಕೆ ಹೇಳಿದ್ದೀನಿ ಕಣಮ್ಮ, ಉಳಿದಿದ್ದು ಮಳೆ ಬಂದಾಗ" ಅಂದಿದ್ದರು.

ನಿನ್ನ ಹನ್ನೊಂದರಲ್ಲಿ ನನ್ನ ಎದೆಗೆ ತಾಗಿದ್ದು ಅಪ್ಪ ಅಮ್ಮನದ್ದು. ಯಾಕೆ ಅಂತ ಹೇಳುತ್ತೇನೆ. "ಅವ್ವನನ್ನು ಚೆನ್ನಾಗಿ ನೋಡಿಕೊಳ್ಳಬೇಕು" ಅಂತ ನಾನೂ ಎಷ್ಟೋ ಯುಗಾದಿಗೆ ಅಂದುಕೊಂಡಿದ್ದೆ. ಹಾಸನದಿಂದ ಊರು ಒಂದು ಗಂಟೆಯ ದಾರಿ. ಆದರೂ ಎರಡು ತಿಂಗಳಿಗೊಮ್ಮೆ ಹೋದರೆ ಹೆಚ್ಚು. 2008ರ ಯುಗಾದಿಗೆ ಊರಿಗೆ ಹೋಗಿದ್ದೆ. ಎಣ್ಣೆ ನೀರು ಹಾಕಲು ಕೂರಿಸಿದಾಗ ಅವ್ವನ ಬೆನ್ನು ನೋಡಿದೆ. ಬೆನ್ನುಮೂಳೆ ಎಣಿಸಬಹುದಿತ್ತು. ಕೈ ಮೇಲೆತ್ತಿ ತಲೆ ಉಜ್ಜಿಕೊಳ್ಳಲು ಆಗದೆ ಎಷ್ಟು ದಿನವಾಗಿತ್ತೋ, ಹೇಳಿರಲೇ ಇಲ್ಲ. ಅವತ್ತು ಬಚ್ಚಲಲ್ಲೇ ತೀರ್ಮಾನ ಮಾಡಿದೆ: ಭಾನುವಾರ, ಬೆಳಗ್ಗೆ ಎಂಟರ ಬಸ್ಸು, ಅವ್ವನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವುದು. ಅಷ್ಟೇ. ಚೆನ್ನಾಗಿ ನೋಡಿಕೊಳ್ಳುವುದು, ಒಳ್ಳೆ ಮಗಳಾಗುವುದು, ಯಾವುದನ್ನೂ ಅದಕ್ಕೆ ಸೇರಿಸಲಿಲ್ಲ. ಅವ್ವ ಹೋಗಿದ್ದು 2011ರ ಮಾಗಿಯಲ್ಲಿ. ನಡುವೆ ತಪ್ಪಿದ ಭಾನುವಾರಗಳೂ ಇವೆ. ಆದರೂ ನೂರಕ್ಕೂ ಜಾಸ್ತಿ ಭಾನುವಾರ ಅವ್ವನ ತಲೆ ನನ್ನ ಕೈಯಲ್ಲಿತ್ತು. ಅವಳು ತನ್ನ ಬಾಲ್ಯದ ಕತೆ ಹೇಳಿದ್ದೆಲ್ಲ ಆ ಬಚ್ಚಲಲ್ಲೇ, ಕಣ್ಣು ಮುಚ್ಚಿಕೊಂಡು.

ಹಾಗಾಗಿ ಮಗಳೇ, ಉಳಿದ ಹತ್ತನ್ನು ಈ ವರ್ಷ ಮಡಚಿಡು. ಬಿಟ್ಟೆ ಅಂತ ಅಲ್ಲ, ಹೊಲ ಎಲ್ಲೂ ಓಡಿಹೋಗುವುದಿಲ್ಲ. ಡೈರಿಯ ಹೊಸ ಪುಟದಲ್ಲಿ ಒಂದೇ ಸಾಲು ಬರೆ. ಯುಗಾದಿ ಕಳೆದ ಮೊದಲ ಭಾನುವಾರ ಮಾರ್ಚ್ 22. ಬೆಂಗಳೂರಿನಿಂದ ತಿಪಟೂರಿಗೆ ರೈಲಿದೆ. ಯಾವ ರೈಲು, ಎಷ್ಟು ಗಂಟೆಯದ್ದು, ತಿಂಗಳ ಯಾವ ವಾರ, ಹೋಗಿ ಅಪ್ಪನ ಜೊತೆ ಏನು ಮಾಡುತ್ತೀಯ, ತೋಟಕ್ಕೆ ಹೋಗುತ್ತೀಯಾ, ಅಮ್ಮನ ಜೊತೆ ಸಂತೆಗೆ ಹೋಗುತ್ತೀಯಾ, ಅದನ್ನು ಬರೆ. ಹೋದಾಗ ಮೊಬೈಲ್ ತಾನಾಗೇ ಕಮ್ಮಿ ಆಗುತ್ತೆ, ನೋಡು.

* * *

ಮೇಡಂ, 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ಬರುತ್ತೆ ಅಂತ ನಮ್ಮ ಕೋಚಿಂಗ್ ಸೆಂಟರಿನಲ್ಲಿ ಹೇಳುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಓದಲು ಶುರು ಮಾಡಿದೆ. ಒಂಬತ್ತನೇ ದಿನ ತಪ್ಪಿತು. ಮತ್ತೆ ಒಂದರಿಂದ ಎಣಿಸಿದೆ. ಹದಿನಾಲ್ಕಕ್ಕೆ ತಪ್ಪಿತು. ಹೀಗೆ ಐದು ಸಲ ಆಯಿತು. ಈಗ ಎಣಿಸೋಕೇ ಭಯ.
(ವಿದ್ಯಾರ್ಥಿ, ದಾವಣಗೆರೆ)

ತಮ್ಮಾ, ಎಣಿಕೆಯ ಬಗ್ಗೆ ಮೊದಲು ಹೇಳುತ್ತೇನೆ. ಆ 21 ಬಂದದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರಿಂದ, 1960ರಲ್ಲಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕನ್ನಡಿಯಲ್ಲಿ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಗಮನಿಸಿ ಬರೆದರು. "ಕಡಿಮೆ ಅಂದರೂ" ಅನ್ನುವುದು ಬಾಯಿಂದ ಬಾಯಿಗೆ ಹೋಗುತ್ತಾ ಬಿದ್ದುಹೋಯಿತು. ಮುಖದ ಮಾತೂ ಬಿದ್ದುಹೋಯಿತು.

ಅಭ್ಯಾಸವನ್ನೇ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಅವರ ಜೊತೆಯವರು. 96 ಜನ, 12 ವಾರ. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು, ಹೀಗೆ ಒಬ್ಬೊಬ್ಬರು ಒಂದೊಂದು ಆರಿಸಿಕೊಂಡರು. ಯೋಚನೆ ಮಾಡದೇ ಕೈ ತಾನಾಗೇ ಹೋಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18, ಇನ್ನೊಬ್ಬರಿಗೆ 254 ದಿನದ ಲೆಕ್ಕ ಬಂತು. ವ್ಯಾಯಾಮದಂಥ ಕಷ್ಟದ ಕೆಲಸಕ್ಕೆ ಜಾಸ್ತಿ ದಿನ. ಯುಗಾದಿಗೆ ಶುರು ಮಾಡಿದರೆ 66 ಅಂದರೆ ಮೇ ಕೊನೆಯ ವಾರ ಹತ್ತಿರ ಬರುತ್ತೆ. ನಿನಗೆ ಬೇಕಾದ ಮಾತು ಅದೇ ಅಧ್ಯಯನದಲ್ಲಿ ಇನ್ನೊಂದಿದೆ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಆರ್‌ಡಿ ಪಾಸ್‌ಬುಕ್. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, 60 ಕಂತು. ಈಗ ತಿಂಗಳಿಗೆ ಕಡಿಮೆ ಅಂದರೆ 100 ರೂಪಾಯಿ, ನನ್ನ ಕಾಲದಲ್ಲಿ 10 ರೂಪಾಯಿಗೂ ಖಾತೆ ತೆರೆಯುತ್ತಿದ್ದೆವು. ಹೂ ಮಾರುವ ಒಬ್ಬ ಹೆಂಗಸು 50 ರೂಪಾಯಿಯ ಖಾತೆ ಮಾಡಿದ್ದರು. ಕನಕಾಂಬರದ ಬಣ್ಣ ಹತ್ತಿದ ಬೆರಳಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಿದ್ದರು. ಗಂಡ ಆಸ್ಪತ್ರೆ ಸೇರಿ ಮೂರು ತಿಂಗಳು ಅವರು ಬರಲೇ ಇಲ್ಲ. ನಾಲ್ಕನೇ ತಿಂಗಳು ಬಂದವರು ಪಾಸ್‌ಬುಕ್ ಕೌಂಟರಿನ ಒಳಗೆ ತಳ್ಳಿ, "ಎಲ್ಲ ಹಾಳಾಯ್ತು ಕಣಮ್ಮ, ಮುಚ್ಚಿಕೊಡಿ" ಅಂತ ಅತ್ತರು. 41 ಕಂತು ಕಟ್ಟಿದ ಪಾಸ್‌ಬುಕ್ ಅದು. ಅವರ ಕಣ್ಣಿಗೆ ಆ 41 ಕಾಣುತ್ತಿರಲಿಲ್ಲ, ಖಾಲಿ ಬಿಟ್ಟ ಮೂರು ಮನೆ ಮಾತ್ರ ಕಾಣುತ್ತಿತ್ತು. ನಾನು ಹೇಳಿದೆ: ತಪ್ಪಿದ ಕಂತಿಗೆ ನೂರಕ್ಕೆ ಒಂದು ರೂಪಾಯಿಯ ಲೆಕ್ಕದಲ್ಲಿ ದಂಡ ಇದೆ, ಕಟ್ಟಿ ಮುಂದುವರಿಸಿ. ನಾಲ್ಕು ಕಂತು ತಪ್ಪಿದರೆ ಖಾತೆ ನಿಲ್ಲುತ್ತೆ, ಆಗಲೂ ಎರಡು ತಿಂಗಳ ಒಳಗೆ ಬಂದರೆ ಮತ್ತೆ ಜೀವ ಕೊಡಬಹುದು. ಅವರು ದಂಡ ಕಟ್ಟಿದರು. ಮಗಳ ಮದುವೆಯ ಹಿಂದಿನ ತಿಂಗಳು ಪೂರ್ತಿ ಹಣ ತೆಗೆದುಕೊಂಡು ಹೋದರು.

ನೀನು ಐದು ಸಲವೂ 41ನ್ನು ಅಳಿಸಿ ಒಂದರಿಂದ ಎಣಿಸಿದ್ದೀಯ, ತಮ್ಮಾ. ಗೋಡೆಯ ಕ್ಯಾಲೆಂಡರಿನಲ್ಲಿ ಎದ್ದ ದಿನಕ್ಕೆ ಒಂದು ಗುಂಡು ಗುರುತು ಹಾಕು, ಮೊಹರು ಒತ್ತಿದ ಹಾಗೆ. ತಪ್ಪಿದ ದಿನ ಖಾಲಿ ಇರಲಿ. ಮರುದಿನ ದಂಡ ಅಂತ ಹತ್ತು ನಿಮಿಷ ಜಾಸ್ತಿ ಓದು. ಎರಡು ದಿನ ಸಾಲಾಗಿ ಖಾಲಿ ಬಿದ್ದರೆ ಮಾತ್ರ ಕೂತು ಯೋಚನೆ ಮಾಡು, ರಾತ್ರಿ ಎಷ್ಟಕ್ಕೆ ಮಲಗುತ್ತಿದ್ದೀಯ ಅಂತ. ಬಹಳ ಸಲ ಐದು ಗಂಟೆಯ ತಾಪತ್ರಯ ಹನ್ನೆರಡು ಗಂಟೆಯಲ್ಲಿ ಇರುತ್ತೆ.

* * *

ಜನವರಿ 1 ನಮ್ಮದಲ್ಲ ಅಂತ ಮನೆಯಲ್ಲಿ ಅಪ್ಪ, ಯುಗಾದಿ ನಮ್ಮದಲ್ಲ ಬಿಸು ನಮ್ಮದು ಅಂತ ಅಜ್ಜಿ. ಸಂಕಲ್ಪಕ್ಕೆ ಯಾವ ದಿನ ಸರಿ?
(ಓದುಗಿ, ಉಡುಪಿ)

ಮೂರೂ ಸರಿ. ಏಪ್ರಿಲ್ ಮಧ್ಯದ ಬಿಸುವಿಗೆ ಅಜ್ಜಿ ಕಣಿ ಇಡುತ್ತಾರಲ್ಲ, ಕಣ್ಣು ಬಿಟ್ಟೊಡನೆ ಹಣ್ಣು, ತರಕಾರಿ, ಕನ್ನಡಿ ನೋಡುವುದು, ಅದಕ್ಕಿಂತ ಚಂದದ ಶುರು ಯಾವುದಿದೆ? ಬಯಲುಸೀಮೆಯ ವ್ಯಾಪಾರಿಗಳು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡುತ್ತಾರೆ, ಅವರ ವರ್ಷ ಅಲ್ಲಿಂದ. ಅಮೆರಿಕದ ಕೆಲವು ಸಂಶೋಧಕರು 2014ರಲ್ಲಿ ತೋರಿಸಿದ ಹಾಗೆ, ವಾರದ ಮೊದಲ ದಿನ, ತಿಂಗಳ ಮೊದಲು, ವರ್ಷದ ಮೊದಲು, ಹುಟ್ಟಿದ ಹಬ್ಬ ಕಳೆದ ದಿನಗಳು, ಇಂಥ ಹೊತ್ತಿನಲ್ಲಿ ಜನ ವ್ಯಾಯಾಮಕ್ಕೆ ಹೋಗುವುದು ಹೆಚ್ಚು. ಹಳೆಯ ತಪ್ಪೆಲ್ಲ ಹಿಂದಿನ ಪುಟಕ್ಕೆ ಹೋಯಿತು ಅನ್ನಿಸುತ್ತದೆ. ಆ ಅನ್ನಿಸಿಕೆ ನಮಗೆ ವರ್ಷಕ್ಕೆ ಇಷ್ಟು ಸಲ ಪುಕ್ಕಟೆ ಸಿಗುತ್ತಿದೆ. ನಿಮ್ಮ ಮನೆಯಲ್ಲಂತೂ ಮೂರು ಸಲ. ಜಗಳ ಬೇಡ, ಮೂರನ್ನೂ ಬಳಸಿಕೊಳ್ಳಿ.

* * *

ಅಕ್ಕಾರ, ನಮ್ಮ ಮನೆಯವರು ಪ್ರತಿ ಯುಗಾದಿಗೆ ಬೇವು ಕುಡಿಯುವಾಗ ದೇವರ ಮುಂದೆ ನಿಂತು ಕುಡಿತ ಬಿಡುತ್ತೇನೆ ಅಂತ ಆಣೆ ಮಾಡುತ್ತಾರೆ. ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ. ಮೂರು ದಿನ ಬಿಡುತ್ತಾರೆ. ಕೈ ನಡುಗುತ್ತದೆ, ಬೆವರುತ್ತಾರೆ, ನಾಲ್ಕನೇ ದಿನ ಮತ್ತೆ ಅದೇ. ಈ ಸಲ ಆಣೆ ಮಾಡಿಸಲೋ ಬೇಡವೋ?
(ಹೆಸರು ಬೇಡ, ರಾಣೆಬೆನ್ನೂರು)

ತಂಗಿ, ಈ ಸಲ ಆಣೆ ಮಾಡಿಸಬೇಡಿ. ದಯವಿಟ್ಟು.

ನೀವು ಬರೆದ ಕೈ ನಡುಕ, ಬೆವರು, ಇವು ಮನಸ್ಸು ಸಡಿಲ ಅನ್ನುವುದರ ಗುರುತಲ್ಲ. ದಿನವೂ ಜಾಸ್ತಿ ಕುಡಿಯುವ ದೇಹಕ್ಕೆ ಅದು ಒಮ್ಮೆಲೇ ನಿಂತಾಗ ಹೀಗಾಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಬುದ್ಧಿ ಭ್ರಮೆಯಾಗುತ್ತದೆ, ಜೀವಕ್ಕೂ ಅಪಾಯ ಆಗಬಹುದು. ಅಂಥವರು ವೈದ್ಯರ ಕಣ್ಣ ಮುಂದೆ, ಔಷಧಿ ತೆಗೆದುಕೊಳ್ಳುತ್ತಾ ಬಿಡಬೇಕು. ಇದು ಕಾಯಿಲೆ. ಸಕ್ಕರೆ ಕಾಯಿಲೆಯವರನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುತ್ತೇವಾ?

ನಿಮಗೆ ಧಾರವಾಡ ಹತ್ತಿರ. ಅಲ್ಲಿ ಡಿಮ್ಹಾನ್ಸ್ ಇದೆ, ಸರ್ಕಾರದ್ದೇ ಮಾನಸಿಕ ಆರೋಗ್ಯ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. ಅಲ್ಲಿಗೆ ಹೋಗುವ ಮೊದಲು ಮನೆಯಿಂದಲೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಯಜಮಾನರು ಫೋನ್ ಮಾಡದಿದ್ದರೆ ನೀವು ಮಾಡಿ. ಮನೆಯವರ ಮಾತನ್ನೂ ಕೇಳುತ್ತಾರೆ. ಕೈ ಎತ್ತುವ ಮಟ್ಟಕ್ಕೆ ಹೋದರೆ ಮಾತ್ರ ಯೋಚನೆ ಮಾಡುತ್ತಾ ಕೂರಬೇಡಿ, 112ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಹನ್ನೆರಡು ವರ್ಷ ನೀವು ಅವರ ಸಂಕಲ್ಪವನ್ನು ಕಾದಿದ್ದೀರಿ. ನಿಮ್ಮದು ಯಾವುದು ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಬೇರೆಯವರು ಕುಡಿಯುವುದನ್ನು ಬಿಡಿಸುತ್ತೇನೆ ಅನ್ನುವುದು ನಿಮ್ಮ ಕೈಯಲ್ಲಿರುವ ಕೆಲಸವಲ್ಲ. ಫೋನ್ ನಿಮ್ಮ ಕೈಯಲ್ಲಿದೆ. ಹಬ್ಬ ಕಳೆದ ಮರುದಿನ, ಶುಕ್ರವಾರ, ಅವರು ಕೆಲಸಕ್ಕೆ ಹೋದ ಮೇಲೆ, ಬಾಗಿಲು ಹಾಕಿಕೊಂಡು ಆ ಕರೆ ಮಾಡಿ. ಮಾಡಿದ ಮೇಲೆ ನನಗೆ ಎರಡು ಸಾಲು ಬರೆಯಿರಿ. ನಾನು ಕಾಯುತ್ತಿರುತ್ತೇನೆ.

* * *

ನಾವು ಪುಣೆಯಲ್ಲಿದ್ದೇವೆ. ಮಗನಿಗೆ ಏಳು ವರ್ಷ. "ಮನೆಯಲ್ಲಿ ಇಂಗ್ಲಿಷ್, ಹಿಂದಿ ಬಳಸಬಾರದು" ಅಂತ ಈ ವರ್ಷ ನಿಯಮ ಮಾಡಿದೆವು. ಮಗು ಮಾತಾಡುವುದನ್ನೇ ಕಮ್ಮಿ ಮಾಡಿದ್ದಾನೆ. ಎಲ್ಲಿ ತಪ್ಪಿದೆವು?
(ಹುಬ್ಬಳ್ಳಿಯ ಅಮ್ಮ, ಪುಣೆ)

ಆ "ಬಾರದು" ತೆಗೆದುಬಿಡಿ ತಾಯಿ. ಸ್ವೀಡನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಹೊಸ ವರ್ಷದ ಸಂಕಲ್ಪಗಳನ್ನು ಒಂದು ವರ್ಷ ಹಿಂಬಾಲಿಸಿ ನೋಡಿದ್ದರು, ಫಲಿತಾಂಶ ಬಂದದ್ದು 2020ರಲ್ಲಿ. "ಇದನ್ನು ಮಾಡುತ್ತೇನೆ" ಅಂದವರಲ್ಲಿ ನೂರಕ್ಕೆ ಸುಮಾರು 59 ಜನ ತಾವು ಗೆದ್ದೆವು ಅಂದರು. "ಇದನ್ನು ಬಿಡುತ್ತೇನೆ" ಅಂದವರಲ್ಲಿ ಸುಮಾರು 47. ದೊಡ್ಡವರಿಗೇ ಹೀಗೆ. ಏಳು ವರ್ಷದ ಮಗುವಿಗೆ ಬಾಯಿ ತೆರೆದರೆ ತಪ್ಪು ಅನ್ನುವ ಭಯ ಬಂದರೆ ಅವನು ಬಾಯಿ ಮುಚ್ಚುತ್ತಾನೆ, ಇನ್ನೇನು ಮಾಡಿಯಾನು?

ರಾತ್ರಿ ಊಟಕ್ಕೆ ಕೂತ ಹೊತ್ತನ್ನು ಕನ್ನಡಕ್ಕೆ ಕೊಡಿ. ರೊಟ್ಟಿ ತಟ್ಟುವಾಗ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ನಿಮ್ಮ ಹುಬ್ಬಳ್ಳಿಯ ಮಾತಿನಲ್ಲೇ ಅವತ್ತಿನ ಒಂದು ಕತೆ ಹೇಳಿ. ಅವನು ಮಧ್ಯೆ ಹಿಂದಿಯಲ್ಲಿ ಕೇಳಿದರೆ ಬೈಯಬೇಡಿ, ಕನ್ನಡದಲ್ಲಿ ಉತ್ತರ ಕೊಡಿ. ವಾರಕ್ಕೊಮ್ಮೆ ಅಜ್ಜಿಗೆ ಫೋನ್, ಅವನೇ ಮಾಡಲಿ. ಅಜ್ಜಿಗೆ ಹಿಂದಿ ಬರದಿದ್ದರೆ ಬಹಳ ಒಳ್ಳೆಯದು.

* * *

ಮೇಡಂ, ನಾನು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. 1966ರ ಶ್ರಾವಣದಲ್ಲಿ ಹುಟ್ಟಿದ್ದು, ಈ ವರ್ಷ ನಿವೃತ್ತಿ. ಬರುವ ಸಂವತ್ಸರದ ಹೆಸರು ಪರಾಭವ. ಸೋಲು ಅಂತ ಅರ್ಥ. ಈ ವರ್ಷ ಹೊಸದೇನನ್ನೂ ಹಿಡಿಯುವುದು ಬೇಡ ಅಂತ ಹೆಂಡತಿ. ಹಿಡಿಯಲು ನನಗೂ ಏನೂ ತೋಚುತ್ತಿಲ್ಲ. ಮೊದಲೆಲ್ಲ ಮಂಗಳವಾರ ಸಂಜೆ ಹಾಸ್ಟೆಲ್ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಿದ್ದೆ, ಅವರು ಬಾಗಿಲಲ್ಲಿ ಕಾಯುತ್ತಿದ್ದರು. ಈಗ ಅದೂ ನಿಂತಿದೆ. ನಿವೃತ್ತರಿಗೆ ಯಾವ ಸಂಕಲ್ಪ ಒಳ್ಳೆಯದು?
(ಮೇಷ್ಟ್ರು, ಹೂವಿನಹಡಗಲಿ)

ಮೇಷ್ಟ್ರೇ, ಪ್ರಭವದಿಂದ ಕ್ಷಯದ ತನಕ 60 ಸಂವತ್ಸರ. ವಿಶ್ವಾವಸು ಮುಗಿದು ಬರುವ ಪರಾಭವ ನಲವತ್ತನೆಯದು. ಹಿಂದಿನ ಸಲ ಅದು ಬಂದದ್ದು 1966ರಲ್ಲೇ. ಅಂದರೆ ನೀವು ಹುಟ್ಟಿದ್ದೇ ಪರಾಭವದಲ್ಲಿ. ನಿಮ್ಮ ತಾಯಿ ಆ ವರ್ಷ ನಿಮ್ಮನ್ನು ಎತ್ತಿಕೊಂಡಾಗ ಸೋಲು ಅಂದುಕೊಂಡಿರಲಿಲ್ಲ. 60 ವರ್ಷ ಸುತ್ತಿ ನಿಮ್ಮ ಹುಟ್ಟಿದ ವರ್ಷವೇ ನಿಮ್ಮ ಮನೆ ಬಾಗಿಲಿಗೆ ವಾಪಸ್ ಬಂದಿದೆ. ಅದಕ್ಕೇ ಅಲ್ವಾ ನಮ್ಮಲ್ಲಿ ಅರವತ್ತಕ್ಕೆ ಷಷ್ಟ್ಯಬ್ದಿ ಮಾಡುವುದು? ಮನೆಯವರಿಗೆ ಈ ಲೆಕ್ಕ ಹೇಳಿ. ಗಣಿತದ ಮೇಷ್ಟ್ರು ಹೇಳಿದರೆ ನಂಬುತ್ತಾರೆ.

ಯಾವ ಸಂಕಲ್ಪ ಒಳ್ಳೆಯದು ಅಂತ ನಾನು ಹೇಗೆ ಹೇಳಲಿ? ಕೌಂಟರಿನಲ್ಲಿ ನಾನು ಒಂದು ವಿಷಯ ಗಮನಿಸಿದ್ದೆ. ಆರ್‌ಡಿ ಯಾಕೆ ಕಟ್ಟುತ್ತೀರಿ ಅಂತ ಕೇಳಿದರೆ "ಉಳಿತಾಯ ಒಳ್ಳೆಯದು ಅಂತ" ಅಂದವರು ಬಹಳ ಜನ ಅರ್ಧಕ್ಕೇ ಬಿಡುತ್ತಿದ್ದರು. "ಮಗಳ ಓಲೆಗೆ", "ತಮ್ಮನ ಫೀಸಿಗೆ" ಅಂದವರು ಕಂತು ಹಿಡಿದುಕೊಂಡು ಮಳೆಯಲ್ಲೂ ಬರುತ್ತಿದ್ದರು. ಯಾರದಾದರೂ ಮುಖ ಕಣ್ಣ ಮುಂದೆ ಇದ್ದಾಗ ಕಾಲು ತಾನಾಗೇ ಏಳುತ್ತದೆ.

ನಿಮ್ಮ ಪತ್ರವನ್ನು ಆ ಕಣ್ಣಿನಲ್ಲೇ ಓದಿದೆ. ಪೂರ್ತಿ ಪತ್ರದಲ್ಲಿ ಮುಖಗಳು ಇರುವುದು ಒಂದೇ ಕಡೆ. ಬಾಗಿಲಲ್ಲಿ ಕಾಯುತ್ತಿದ್ದ ಹುಡುಗರು. ಯೋಗ, ತೀರ್ಥಯಾತ್ರೆ, ಪೇಪರ್ ಓದುವುದು ಅಂತ ನಾನೊಂದು ಪಟ್ಟಿ ಕೊಡಬಹುದಿತ್ತು. ಅದು ನಿಮ್ಮದಾಗುವುದಿಲ್ಲ. ಯುಗಾದಿ ಕಳೆದ ಮೊದಲ ಮಂಗಳವಾರ ಮಾರ್ಚ್ 24. ಎಸ್ಸೆಸ್ಸೆಲ್ಸಿಯ ಹುಡುಗರು ಆ ಹೊತ್ತಿನಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿರಬಹುದು, ಒಂಬತ್ತನೆಯವರು ಸಿಗುತ್ತಾರೆ. ಸಂಜೆ ಆರಕ್ಕೆ ಒಂದು ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಹೋಗಿ ವಾರ್ಡನ್‌ರನ್ನು ಮಾತಾಡಿಸಿ.

* * *

ಅಕ್ಕಾ, ಕಾರ್ತೀಕದಲ್ಲಿ ನಮ್ಮ ಯಜಮಾನರು ಹೋದರು. ವರ್ಷಾಬ್ದಿಕ ಆಗುವ ತನಕ ಹಬ್ಬವಿಲ್ಲ. ಬಾಗಿಲಿಗೆ ತೋರಣವಿಲ್ಲ. ಎಲ್ಲರೂ ಹೊಸ ವರ್ಷಕ್ಕೆ ಏನೇನೋ ಮಾಡುತ್ತೇವೆ ಅನ್ನುತ್ತಾರೆ. ಮಕ್ಕಳು ನನಗೂ, "ಅಮ್ಮ, ಏನಾದರೂ ಹೊಸದು ಶುರು ಮಾಡು" ಅನ್ನುತ್ತಾರೆ. ನನಗೆ ಬೆಳಗ್ಗೆ ಏಳುವುದೇ ಸಾಕಾಗಿದೆ.
(ಚಿಕ್ಕಮಗಳೂರು)

ಅಮ್ಮಾ, ನೀವು ಏನನ್ನೂ ಶುರು ಮಾಡಬೇಕಾಗಿಲ್ಲ. ನಮ್ಮ ಹಿರಿಯರು ಒಂದು ವರ್ಷ ಹಬ್ಬವಿಲ್ಲ ಅಂತ ಇಟ್ಟದ್ದನ್ನು ನಾನು ಮೊದಲು ಶಿಕ್ಷೆ ಅಂದುಕೊಂಡಿದ್ದೆ. ನಮ್ಮವರು ಹೋದ ವರ್ಷ ಅದರ ಅರ್ಥವಾಯಿತು. ನಗಬೇಕಾಗಿಲ್ಲ, ಒಬ್ಬಟ್ಟು ಮಾಡಬೇಕಾಗಿಲ್ಲ, ಯಾರಿಗೂ ಚೆನ್ನಾಗಿದ್ದೇನೆ ಅಂತ ತೋರಿಸಬೇಕಾಗಿಲ್ಲ. ಆ ಒಂದು ವರ್ಷ ನಿಮ್ಮದು. ಮಕ್ಕಳಿಗೆ ಈ ಪುಟ ಓದಿಸಿ.

ಏಳುವುದು ಸಾಕಾಗಿದೆ ಅಂದಿರಿ. ಊಟ ಸೇರದೆ, ನಿದ್ದೆ ಬಾರದೆ ದಿನಗಳು ಹೀಗೇ ಹೋಗುತ್ತಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಮೇಲೆ ಬರೆದ 14416 ನಿಮಗೂ ಇದೆ. ಮಾತಾಡುವುದರಲ್ಲಿ ಸಂಕೋಚ ಬೇಡ.

ಪತ್ರದ ಕೊನೆಯಲ್ಲಿ ನೀವು ಒಂದು ಮಾತು ಬರೆದು ಹೊಡೆದು ಹಾಕಿದ್ದೀರಿ. ಆದರೂ ಓದಲು ಬಂತು. ಅವರು ಹಿತ್ತಲಲ್ಲಿ ಹಾಕಿದ್ದ ಮಲ್ಲಿಗೆ ಅಂಬು ಒಣಗುತ್ತಿದೆ ಅಂತ. ಆ ಸಾಲು ಯಾಕೆ ಹೊಡೆದು ಹಾಕಿದಿರಿ ಅಮ್ಮಾ? ಯುಗಾದಿಗಾಗಿ ಅಲ್ಲ, ನನ್ನ ಮಾತಿಗಾಗಿಯೂ ಅಲ್ಲ. ನಾಳೆ ಸಂಜೆ ಬಿಸಿಲು ಇಳಿದ ಮೇಲೆ ಆಗುತ್ತೆ ಅನ್ನಿಸಿದರೆ ಒಂದು ಚೊಂಬು ನೀರು ಹಾಕಿ ಬನ್ನಿ. ಆಗದಿದ್ದರೆ ನಾಡಿದ್ದು.